ಹಿತ್ತಲಿನ ಕಿತ್ತಳೆ ಕೀಳಲು ಬಂದ ಸರ್ಕಾರ

ಕಳೆದ ಮಾವಿನ ಸುಗ್ಗಿಯಲ್ಲಿ ರೇಟಿನ ಸುದ್ದಿ ಮಾಡಲು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆವು. ಅಲ್ಲಿ ವಯಸ್ಸಾದ ರೈತರೊಬ್ಬರು ಬಾದಾಮಿ ಹಣ್ಣೊಂದನ್ನು ಕೊಯ್ದು ನಮ್ಮ ಮುಂದೆ ಹಿಡಿದರು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಷ್ಟು ಕಪ್ಪು ಚುಕ್ಕೆ, ಅಷ್ಟೇ. ಒಳಗೆ ಮಾತ್ರ ಓಟೆಯ ಸುತ್ತ ತಿರುಳೆಲ್ಲ ಕೊಳೆತು ನೀರಾಗಿತ್ತು, ಬಿಳಿ ಹುಳುಗಳು ಮಿಜಿಗುಡುತ್ತಿದ್ದವು. "ಊಜಿ ಸಾರ್. ಮಳೆ ಬಿದ್ದ ಮೇಲೆ ಇದ್ದದ್ದೇ" ಎಂದು ಹಣ್ಣನ್ನು ಪಕ್ಕದ ರಾಶಿಗೆ ಎಸೆದು ಕೈ ಒರೆಸಿಕೊಂಡರು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ನೆಗಡಿ ಬಂತು ಅನ್ನುವಷ್ಟು ಸಲೀಸಾಗಿ ಹೇಳಿದರು.

ಇದೇ ನೊಣಕ್ಕಾಗಿ ಇನ್ನೊಂದು ದೇಶದಲ್ಲಿ ಸರ್ಕಾರದವರೇ ಎರಡು ಸಾವಿರ ಮನೆಗಳ ಹಿತ್ತಲಿಗೆ ಹೋಗಿ, ಮರದಲ್ಲಿದ್ದ ಹಣ್ಣನ್ನೆಲ್ಲ ಕಿತ್ತುಕೊಂಡು ಹೋದರು ಎಂದು ಅವರಿಗೆ ಹೇಳಿದೆವು. ಅವರು ನಂಬಲಿಲ್ಲ. "ಒಂದು ನೊಣಕ್ಕಾ?" ಎಂದರು. ಅಷ್ಟರಲ್ಲಿ ಲಾರಿ ಬಂತು, ಮಾತು ಅಲ್ಲಿಗೇ ನಿಂತಿತು. ಪೂರ್ತಿ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಊರಿನ ಹೆಸರು ರೆಡ್‌ಲ್ಯಾಂಡ್ಸ್. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸ್ ನಗರದ ಪೂರ್ವಕ್ಕಿದೆ. ಮಣ್ಣು ಕೆಂಪಗಿದ್ದುದರಿಂದ ಆ ಹೆಸರು ಬಂತು. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರು ವರ್ಷದ ಹಿಂದೆ ಆ ಸೀಮೆಯೆಲ್ಲ ಕಿತ್ತಳೆ ತೋಟ. ಪಕ್ಕದ ರಿವರ್‌ಸೈಡ್ ಊರಿನಲ್ಲಿ ಎಲಿಜಾ ಟಿಬೆಟ್ಸ್ ಎಂಬ ಹೆಂಗಸು 1873ರಲ್ಲಿ ಬೀಜವಿಲ್ಲದ ನೇವಲ್ ಕಿತ್ತಳೆಯ ಸಸಿ ನೆಟ್ಟರು, ಅದರ ಕಸಿಯಿಂದ ಸುತ್ತಲಿನ ತೋಟಗಳೆಲ್ಲ ಬೆಳೆದವು. ಆಮೇಲೆ ತೋಟಗಳು ಸೈಟುಗಳಾದವು, ಸೈಟುಗಳಲ್ಲಿ ಮನೆಗಳು ಎದ್ದವು. ನಮ್ಮಲ್ಲೂ ಹಾಗೇ ಅಲ್ಲವೇ? ಆದರೂ ನಮ್ಮ ಮನೆಗಳ ಹಿಂದೆ ಒಂದು ಕರಿಬೇವು, ಒಂದು ನುಗ್ಗೆ ಉಳಿದಂತೆ ಅಲ್ಲಿ ಹಿತ್ತಲಿಗೊಂದು ಕಿತ್ತಳೆಯೋ ನಿಂಬೆಯೋ ಉಳಿದುಕೊಂಡಿದೆ.

ಇನ್ನು ನೊಣದ ವಿಷಯ. ಕೃಷಿ ಇಲಾಖೆಯ ಕರಪತ್ರದಲ್ಲಿ ಹಣ್ಣು ನೊಣ ಎಂದಿರುತ್ತದೆ, ಮಾವು ಬೆಳೆಯುವವರ ಬಾಯಲ್ಲಿ ಊಜಿ. ವಿಜ್ಞಾನಿಗಳು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎನ್ನುತ್ತಾರೆ. ಮನೆನೊಣಕ್ಕಿಂತ ಸ್ವಲ್ಪ ದೊಡ್ಡದು, ಮೈಮೇಲೆ ಹಳದಿ ಗುರುತು. ಹೆಣ್ಣು ನೊಣ ಬಲಿತ ಹಣ್ಣಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನಕ್ಕೆ ಹುಳು ಹೊರಬರುತ್ತದೆ, ತಿರುಳು ತಿಂದು ಕೊಬ್ಬುತ್ತದೆ, ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು ಗೂಡು ಕಟ್ಟುತ್ತದೆ, ಕೆಲ ದಿನದಲ್ಲಿ ನೊಣವಾಗಿ ಏಳುತ್ತದೆ. ಒಂದು ಹೆಣ್ಣು ಬದುಕಿರುವಷ್ಟು ದಿನದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮಾವು, ಸೀಬೆ, ಕಿತ್ತಳೆ, ಪಪ್ಪಾಯಿ, ಟೊಮೆಟೊ ಸೇರಿ 230ಕ್ಕೂ ಹೆಚ್ಚು ಬಗೆಯ ಬೆಳೆ ಇದಕ್ಕೆ ಆಗುತ್ತದೆ.

ನಮ್ಮ ದೇಶದಲ್ಲಿ ಇದು ಹಳೇ ನಿವಾಸಿ. ಎರಡನೇ ಮಹಾಯುದ್ಧದ ಹೊತ್ತಿಗೆ ಹವಾಯಿ ದ್ವೀಪಗಳನ್ನು ಸೇರಿತು. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಸಿಕ್ಕಿದ್ದು 1960ರಲ್ಲಿ. ಆಮೇಲೆ ಮತ್ತೆ ಮತ್ತೆ ಬರುತ್ತಲೇ ಇದೆ. ಅಲ್ಲಿಯವರಿಗೆ ಇದರ ಭಯ ಏಕೆಂದರೆ, ಹಣ್ಣು ಬೆಳೆದು ಹೊರದೇಶಕ್ಕೆ ಕಳಿಸುವ ರಾಜ್ಯ ಅದು. ನೊಣ ನೆಲೆಯೂರಿತು ಎಂದು ಗೊತ್ತಾದರೆ ಕೊಳ್ಳುವ ದೇಶಗಳು ಬಾಗಿಲು ಹಾಕುತ್ತವೆ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ದೊಡ್ಡ ತೋಟಗಳಿರುವುದು ಊರಾಚೆ, ಆದರೆ ಇಂಥ ನೊಣ ಮೊದಲು ಇಳಿಯುವುದು ಊರೊಳಗೆ. ಯಾರದೋ ಚೀಲದಲ್ಲಿ, ಯಾರಿಗೋ ಬಂದ ಪಾರ್ಸೆಲ್‌ನಲ್ಲಿ ಹುಳು ಹತ್ತಿದ ಹಣ್ಣು ಬರುತ್ತದೆ. ತಿನ್ನಲಾಗದೆ ಹಿತ್ತಲಿಗೆ ಎಸೆಯುತ್ತಾರೆ. ಅಲ್ಲೇ ಮರವಿದೆ, ಮರದಲ್ಲಿ ಹಣ್ಣಿದೆ. ಹೀಗಾಗಿ ತೋಟದವರನ್ನು ಉಳಿಸುವ ಯುದ್ಧ ನಡೆಯುವುದು ತೋಟವೇ ಇಲ್ಲದವರ ಹಿತ್ತಲಿನಲ್ಲಿ. ಲಾಭ ಒಬ್ಬರದು, ಕಳೆದುಕೊಳ್ಳುವ ಹಣ್ಣು ಇನ್ನೊಬ್ಬರದು. ನೊಣ ಓಡಿಸುವ ಇತಿಹಾಸದ ಜಗಳವೆಲ್ಲ ಇದರ ಮೇಲೆಯೇ.

ಆ ಇತಿಹಾಸ ಹಳೆಯದು. 1929ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲಾಂಡೊ ಊರಿನಲ್ಲಿ ಮೆಡ್‌ಫ್ಲೈ ಸಿಕ್ಕಿತು. ಇದು ನಮ್ಮ ಊಜಿಯ ದಾಯಾದಿ, ಮೂಲ ಆಫ್ರಿಕಾ. ಸರ್ಕಾರ ಹಣ್ಣು ನಾಶ ಮಾಡಿಸಿತು, ವಿಷದ ಔಷಧಿ ಹೊಡೆಸಿತು, ರಸ್ತೆಗಳಲ್ಲಿ ಕಾವಲು ಹಾಕಿ ಕಾರುಗಳಲ್ಲಿ ಹಣ್ಣು ಹುಡುಕಿಸಿತು. ಮರುವರ್ಷಕ್ಕೆ ನೊಣ ಹೋಯಿತು. ಆಗಿನ ಜನ ಎಷ್ಟು ಸಹಿಸಿಕೊಂಡರೋ, ಐವತ್ತು ವರ್ಷದ ನಂತರದವರು ಅಷ್ಟು ಸಹಿಸಲಿಲ್ಲ.

1980ರ ಜೂನ್‌ನಲ್ಲಿ ಮೆಡ್‌ಫ್ಲೈ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಕಾಣಿಸಿತು. ಸ್ಯಾನ್ ಹೋಸೆ ಎಂದರೆ ಸಾಂತಾ ಕ್ಲಾರಾ ಕಣಿವೆ. ನಮ್ಮ ಊರುಗಳ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿದ್ದಾರಲ್ಲ, ಅದೇ ಸಿಲಿಕಾನ್ ಕಣಿವೆ. ಅದಕ್ಕೂ ಮುಂಚೆ ಅದೂ ಹಣ್ಣಿನ ತೋಟಗಳ ಕಣಿವೆಯೇ ಆಗಿತ್ತು.

ಹೆಲಿಕಾಪ್ಟರಿನಿಂದ ಮ್ಯಾಲಾಥಿಯಾನ್ ಹೊಡೆದುಬಿಡಿ ಎಂದು ಕೃಷಿಯವರು ಹೇಳಿದರು. ಮಕ್ಕಳು ಮರಿ ಇರುವ ಮನೆಗಳ ಮೇಲೆ ವಿಷವೇ ಎಂದು ಜನ ಎದ್ದು ನಿಂತರು. ಗವರ್ನರ್ ಜೆರ್ರಿ ಬ್ರೌನ್ ಜನರ ಕಡೆಗೆ ನಿಂತರು. ಬೇರೆ ಉಪಾಯ ಮಾಡಿದರು: ಮನೆ ಮನೆಗೆ ಹೋಗಿ ಹಣ್ಣು ಕೀಳುವುದು, ನೆಲದ ಮೇಲಿನಿಂದ ಔಷಧಿ ಹೊಡೆಯುವುದು, ಜೊತೆಗೆ ಬಂಜೆ ನೊಣ ಬಿಡುವುದು.

ಬಂಜೆ ನೊಣ ಎಂದರೆ ತಮಾಷೆಯಲ್ಲ. ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ನೊಣ ಸಾಕಿ, ಗೂಡಿನ ಹಂತದಲ್ಲೇ ವಿಕಿರಣ ಹಾಯಿಸುತ್ತಾರೆ. ನೊಣ ಹಾರುತ್ತದೆ, ಕೂಡುತ್ತದೆ, ಮೊಟ್ಟೆ ಮಾತ್ರ ಒಡೆಯುವುದಿಲ್ಲ. ಕಾಡುನೊಣಕ್ಕಿಂತ ಹಲವು ಪಟ್ಟು ಬಂಜೆ ಗಂಡು ಬಿಟ್ಟರೆ ಸಂತತಿ ತಾನಾಗೇ ಕರಗುತ್ತದೆ. ಎಡ್ವರ್ಡ್ ನಿಪ್ಲಿಂಗ್ ಎಂಬ ಅಮೆರಿಕದ ಕೀಟಶಾಸ್ತ್ರಜ್ಞರ ತಲೆಯಲ್ಲಿ ಹುಟ್ಟಿದ ಉಪಾಯ. ದನಗಳ ಗಾಯಕ್ಕೆ ಹುಳು ಬೀಳಿಸುವ ಒಂದು ನೊಣವನ್ನು ಹೀಗೇ 1954ರಲ್ಲಿ ಕುರಸಾವ್ ದ್ವೀಪದಿಂದ ತೊಲಗಿಸಿದ್ದರು.

ಸ್ಯಾನ್ ಹೋಸೆಯಲ್ಲಿ ಅದು ಕೈಕೊಟ್ಟಿತು. 1981ರ ಬೇಸಿಗೆಯಲ್ಲಿ ಹಿತ್ತಲುಗಳಲ್ಲಿ ಹುಳು ಮತ್ತೆ ಸಿಕ್ಕವು. ಪೆರು ದೇಶದಿಂದ ತರಿಸಿದ ಬಂಜೆ ನೊಣಗಳಲ್ಲಿ ಬಂಜೆಯಾಗದವೂ ಬೆರೆತಿದ್ದವು ಎಂಬ ಮಾತೆದ್ದಿತು. ಅದರ ಮೇಲೆ ವಾದ ನಡೆದೇ ನಡೆಯಿತು. ಕೇಂದ್ರದ ಕೃಷಿ ಮಂತ್ರಿ ಜಾನ್ ಬ್ಲಾಕ್ ನೇರವಾಗಿ ಹೇಳಿಬಿಟ್ಟರು: ಮೇಲಿನಿಂದ ಔಷಧಿ ಹೊಡೆಸಿ, ಇಲ್ಲವಾದರೆ ಇಡೀ ರಾಜ್ಯದ ಹಣ್ಣಿಗೆ ಕ್ವಾರಂಟೈನ್. ಬ್ರೌನ್ ಬಗ್ಗಿದರು. ಜುಲೈನಲ್ಲಿ ರಾತ್ರಿ ಹೊತ್ತು ಹೆಲಿಕಾಪ್ಟರುಗಳು ಮನೆಗಳ ಮೇಲೆ ಹಾರಿದವು. ಸಿಹಿ ಅಂಟಿನ ಜೊತೆ ಬೆರೆಸಿದ ಮ್ಯಾಲಾಥಿಯಾನ್ ಹನಿಹನಿಯಾಗಿ ಬಿತ್ತು. ಕಾರಿನ ಬಣ್ಣ ಹಾಳಾಗುತ್ತದೆ ಎಂದು ಜನ ಸಂಜೆಯೇ ಕಾರುಗಳಿಗೆ ಹೊದಿಕೆ ಹೊದಿಸಿದರು.

ಭಯ ಕಳೆಯಲು ಬಿ. ಟಿ. ಕಾಲಿನ್ಸ್ ಎಂಬ ಅಧಿಕಾರಿ ಪತ್ರಕರ್ತರ ಮುಂದೆ ನೀರಿಗೆ ಬೆರೆಸಿದ ಮ್ಯಾಲಾಥಿಯಾನ್ ಅನ್ನು ಲೋಟಕ್ಕೆ ಹಾಕಿಕೊಂಡು ಕುಡಿದರು. ಹಿತ್ತಲುಗಳಲ್ಲಿ ಹಣ್ಣು ಕೀಳುತ್ತಿದ್ದ ಯುವಕರ ದಳಕ್ಕೆ ಅವರೇ ಮುಖ್ಯಸ್ಥರು. ನನ್ನ ಹುಡುಗರಿಗೆ ಏನೂ ಆಗದು ಎಂದು ತೋರಿಸಲು ಕುಡಿದರಂತೆ. ಕಾಲಿನ್ಸ್ ಧೈರ್ಯಕ್ಕೆ ಬೆರಗಾಗಬಹುದು. ಆದರೆ ನಮಗೆ ಅನ್ನಿಸುವುದು ಬೇರೆ. ಔಷಧಿ ಅಂಗಡಿಗಳಲ್ಲಿ ಈ ಬಾಟಲಿ ನೋಡಿ ಬೆಳೆದವರು ನಾವು. ವಿಷಕ್ಕೆ ಔಷಧಿ ಎಂದು ಕರೆಯುವ ಜನ. ಕೀಟನಾಶಕ ಕುಡಿದು ಆಸ್ಪತ್ರೆಗೆ ಬಂದವರ ಸುದ್ದಿಯನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಒಬ್ಬ ಗಟ್ಟಿಮುಟ್ಟಾದ ಗಂಡಸು ಒಂದು ಲೋಟ ಕುಡಿದು ತೋರಿಸಿದರೆ ತೊಟ್ಟಿಲ ಕೂಸಿನ ತಾಯಿಗೆ ಉತ್ತರ ಸಿಕ್ಕಿತೇ?

ಆದರೂ ಒಂದು ಮಾತು ಒಪ್ಪಬೇಕು. ಔಷಧಿ ಸಾವಿರಕ್ಕೂ ಹೆಚ್ಚು ಚದರ ಮೈಲಿಗೆ ಬಿತ್ತು, 1982ರ ಸೆಪ್ಟೆಂಬರಿನಲ್ಲಿ ನೊಣ ಹೋಯಿತು ಎಂದು ಘೋಷಿಸಿದರು. ಖರ್ಚು ಸುಮಾರು 10 ಕೋಟಿ ಡಾಲರ್. ಅದೇ ನವೆಂಬರಿನಲ್ಲಿ ಬ್ರೌನ್ ಸೆನೆಟ್ ಚುನಾವಣೆಯಲ್ಲಿ ಸೋತರು. ತಡಮಾಡಿದರು ಎಂದು ತೋಟದವರಿಗೆ ಸಿಟ್ಟು, ಕೊನೆಗೆ ಹೊಡೆಸಿದರಲ್ಲ ಎಂದು ಊರಿನವರಿಗೆ ಸಿಟ್ಟು.

1989ರಲ್ಲಿ ಲಾಸ್ ಏಂಜಲೀಸ್ ಕಡೆ ಮತ್ತೆ ಅದೇ ನೊಣ, ಮತ್ತೆ ಹೆಲಿಕಾಪ್ಟರ್. ಈ ಸಲ ಯಾರೋ ಅನಾಮಧೇಯರು ಸಿಂಪರಣೆ ನಿಲ್ಲಿಸದಿದ್ದರೆ ನಾವೇ ಇನ್ನಷ್ಟು ನೊಣ ಬಿಡುತ್ತೇವೆ ಎಂದು ಮೇಯರ್‌ಗೆ ಪತ್ರ ಬರೆದರು. ಜನರೂ ಸರ್ಕಾರವೂ ಅಷ್ಟು ದೂರವಾಗಿದ್ದರು. 1990ರ ದಶಕದ ನಡುವಿನಲ್ಲಿ ದಾರಿ ಬದಲಾಯಿತು. ನೊಣ ಬರುವವರೆಗೆ ಕಾಯದೆ, ಬಂಜೆ ಮೆಡ್‌ಫ್ಲೈಗಳನ್ನು ವಿಮಾನದಿಂದ ಸದಾ ಬಿಡುತ್ತಲೇ ಇರುವ ಪದ್ಧತಿ ಶುರುವಾಯಿತು. ಅದು ಇಂದಿಗೂ ನಡೆದಿದೆ.

ಅದು ಮೆಡ್‌ಫ್ಲೈಗೆ ಆಯಿತು. ನಮ್ಮ ಊಜಿಗೆ ಬೇರೆ ಮದ್ದು ಇದೆ, ಆ ಮದ್ದಿನ ಮೂಲ ನಮ್ಮ ದೇಶವೇ. ಬಿಹಾರದ ಪೂಸಾದಲ್ಲಿ ಬ್ರಿಟಿಷರ ಕಾಲದ ಕೃಷಿ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರಿದ್ದರು. ಅವರ ನೆರೆಯವರೊಬ್ಬರು ಸೊಳ್ಳೆ ಬಾರದಿರಲಿ ಎಂದು ಸಿಟ್ರೊನೆಲ್ಲಾ ಎಣ್ಣೆ ಬಳಸಿದರೆ ಸೊಳ್ಳೆ ಬದಲು ನೊಣಗಳು ಬಂದು ಮುತ್ತಿದವಂತೆ. ಹೌಲೆಟ್ ಪರೀಕ್ಷಿಸಿ ನೋಡಿದರು. ಬಂದವೆಲ್ಲ ಹಣ್ಣು ನೊಣದ ಗಂಡುಗಳು! 1912ರಲ್ಲಿ ಅದನ್ನು ಬರೆದು ಪ್ರಕಟಿಸಿದರು. 1915ರ ಹೊತ್ತಿಗೆ ಆ ಎಣ್ಣೆಯಲ್ಲಿ ಗಂಡುಗಳನ್ನು ಎಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂದು ಗುರುತಿಸಿದರು. ತುಳಸಿಯಲ್ಲೂ ಈ ಜಾತಿಯ ವಾಸನೆ ಇದೆ. ತೆಂಗಿನ ಚಿಪ್ಪಿನಲ್ಲಿ ತುಳಸಿ ಎಲೆ ಜಜ್ಜಿ ಹಾಕಿ ಹಣ್ಣು ನೊಣ ಹಿಡಿಯುವ ರೈತರು ದಕ್ಷಿಣ ಭಾರತದಲ್ಲಿ ಈಗಲೂ ಇದ್ದಾರೆ. ಮಾವಿನ ತೋಟದಲ್ಲಿ ಈಗ ಪ್ಲಾಸ್ಟಿಕ್ ಡಬ್ಬಿಯ ಮೋಹಕ ಬಲೆ ತೂಗು ಹಾಕುತ್ತೀರಲ್ಲ, ಅದರೊಳಗಿನ ಮರದ ತುಂಡಿಗೆ ನೆನೆಸಿರುವುದೂ ಇದನ್ನೇ.

ಇದರ ಪೂರ್ಣ ಬಲ ಗೊತ್ತಾದದ್ದು 1960ರ ದಶಕದಲ್ಲಿ. ಪೆಸಿಫಿಕ್ ಸಾಗರದ ರೋಟಾ ಎಂಬ ಪುಟ್ಟ ದ್ವೀಪದ ಮೇಲೆ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ಹಲಗೆ ಚೂರುಗಳನ್ನು ವಿಮಾನದಿಂದ ಉದುರಿಸಿದರು. ಗಂಡುಗಳು ವಾಸನೆಗೆ ಬಂದು, ನೆಕ್ಕಿ, ಸತ್ತವು. ಕೂಡಲು ಗಂಡೇ ಇಲ್ಲದೆ ಹೆಣ್ಣುಗಳ ಮೊಟ್ಟೆ ವ್ಯರ್ಥವಾಯಿತು. ಇಡೀ ದ್ವೀಪದಲ್ಲಿ ನೊಣ ಇಲ್ಲವಾಯಿತು.

ಈಗ ರೆಡ್‌ಲ್ಯಾಂಡ್ಸ್‌ಗೆ ಬರೋಣ. 2023ರಲ್ಲಿ ಕ್ಯಾಲಿಫೋರ್ನಿಯಾದ ಹಲವು ಕಡೆ ಏಕಕಾಲಕ್ಕೆ ಪರದೇಶದ ಹಣ್ಣು ನೊಣಗಳು ಸಿಕ್ಕವು. ಒಂದಲ್ಲ, ನಾಲ್ಕು ಜಾತಿ: ಮೆಡ್‌ಫ್ಲೈ, ನಮ್ಮ ಊಜಿ, ಆಸ್ಟ್ರೇಲಿಯಾ ಕಡೆಯ ಕ್ವೀನ್ಸ್‌ಲ್ಯಾಂಡ್ ನೊಣ, ಏಷ್ಯಾದ್ದೇ ಆದ ಟೌ ನೊಣ. ಇಷ್ಟು ದೊಡ್ಡ ದಾಳಿ ಆ ರಾಜ್ಯ ಹಿಂದೆ ಕಂಡಿರಲಿಲ್ಲ. ರೆಡ್‌ಲ್ಯಾಂಡ್ಸ್‌ನಲ್ಲಿ ಊಜಿ. ಮಾಮೂಲಿನ ಕೆಲಸ ಮೊದಲು ಶುರುವಾಯಿತು. ಸುತ್ತಲಿನ ಬೀದಿಗಳ ಕಂಬಗಳಿಗೆ, ಮರಗಳಿಗೆ ಆಳೆತ್ತರದ ಮೇಲೆ ಮೀಥೈಲ್ ಯೂಜಿನಾಲ್ ಮತ್ತು ಸ್ಪಿನೋಸಾಡ್ ಬೆರೆಸಿದ ಮುದ್ದೆಯನ್ನು ಅಲ್ಲಲ್ಲಿ ಮೆತ್ತಿದರು. ಸ್ಪಿನೋಸಾಡ್ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಬರುವ ಕೀಟನಾಶಕ, ಸಾವಯವ ಕೃಷಿಯಲ್ಲೂ ಬಳಸುತ್ತಾರೆ. ಆಕಾಶದಿಂದ ಏನೂ ಬೀಳಲಿಲ್ಲ.

ಅಷ್ಟಕ್ಕೆ ನೊಣ ಬಗ್ಗಲಿಲ್ಲ. 2024ರ ಜನವರಿಯಲ್ಲಿ ರಾಜ್ಯದ ಆಹಾರ ಮತ್ತು ಕೃಷಿ ಇಲಾಖೆ ನೋಟಿಸ್ ಹೊರಡಿಸಿತು. ಊರಿನ ಒಂದು ಭಾಗದ 2000ಕ್ಕೂ ಹೆಚ್ಚು ಮನೆಗಳಲ್ಲಿ, ಮರದ ಮೇಲಿರುವ, ನೆಲಕ್ಕೆ ಬಿದ್ದಿರುವ ಎಲ್ಲ ಹಣ್ಣನ್ನು ಸಿಬ್ಬಂದಿ ಬಂದು ತೆಗೆಯುತ್ತಾರೆ. ಇದು ಕೋರಿಕೆ ಅಲ್ಲ, ಕಡ್ಡಾಯ. ಮರ ಕಡಿಯುವುದಿಲ್ಲ, ಹಣ್ಣು ಮಾತ್ರ. ಜನವರಿ ಕೊನೆ ಮತ್ತು ಫೆಬ್ರವರಿಯಲ್ಲಿ ಕೆಲಸ ನಡೆಯಿತು.

ಕಾಲ ಆರಿಸಿದ್ದರಲ್ಲೇ ಜಾಣತನವಿದೆ. ಚಳಿಗಾಲದಲ್ಲಿ ಹುಳು ಹಣ್ಣಿನೊಳಗೆ ನಿಧಾನವಾಗಿ ಬೆಳೆಯುತ್ತದೆ. ಬಿಸಿಲು ಏರುವ ಮೊದಲೇ ಹಣ್ಣು ಹೋದರೆ ಒಳಗಿನ ಮೊಟ್ಟೆ, ಹುಳು ಅದರ ಜೊತೆಗೇ ಹೋಗುತ್ತವೆ. ಮಣ್ಣಿನಿಂದ ಏಳುವ ಹೆಣ್ಣಿಗೆ ಮೊಟ್ಟೆ ಇಡಲು ಜಾಗ ಇರುವುದಿಲ್ಲ. ಗಂಡಿಗೆ ಕಂಬದ ಮೇಲೆ ಮುದ್ದೆ, ಹೆಣ್ಣಿಗೆ ಬರಿದಾದ ಮರ.

ಆದರೆ ಜನವರಿ ಎಂದರೆ ಕಿತ್ತಳೆ ಹಣ್ಣಾಗುವ ಕಾಲವೂ ಹೌದು. ವರ್ಷವಿಡೀ ನೀರು ಹಾಕಿದ ಮನೆಯವರು ಕಾಯುವುದು ಇದಕ್ಕೇ. ಆ ಹಣ್ಣನ್ನು ತಾವೇ ಕಿತ್ತು ನೆಂಟರಿಗೆ ಹಂಚುವಂತಿಲ್ಲ. ನಿಮ್ಮ ಹಣ್ಣನ್ನು ನಿಮ್ಮ ಅಂಗಳದಿಂದ ಹೊರಗೆ ಒಯ್ಯಬೇಡಿ ಎಂಬುದೇ ಕ್ವಾರಂಟೈನಿನ ಮೊದಲ ನಿಯಮ. ಮನೆಯಲ್ಲೇ ತಿನ್ನಬಹುದು. ಹಾಳಾದದ್ದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮಾಮೂಲಿ ಕಸದ ಡಬ್ಬಿಗೆ ಹಾಕಬೇಕು, ಗಿಡಗಂಟಿ ಕಸದ ಡಬ್ಬಿಗೆ ಹಾಕಕೂಡದು. ಅಲ್ಲಿಂದ ಗೊಬ್ಬರದ ಗುಂಡಿಗೆ ಹೋಗಿ ಹುಳು ನೊಣವಾಗಿ ಎದ್ದರೆ?

ಒಂದು ಕ್ಷಣ ನಮ್ಮ ಬೀದಿಯಲ್ಲಿ ಇದನ್ನು ಊಹಿಸಿ. ಪಂಚಾಯಿತಿಯವರು ಬಂದು ಹಿತ್ತಲಿನ ಸೀಬೆ ಮರ ಬೋಳಿಸುತ್ತೇವೆ ಎಂದರೆ ನಮ್ಮ ಅಜ್ಜಿಯರು ಬಾಗಿಲು ತೆರೆಯುತ್ತಿದ್ದರೇ? ಹೆಲಿಕಾಪ್ಟರಿಗೆ ಯಾರ ಅನುಮತಿಯೂ ಬೇಡ, ಮೇಲಿನಿಂದ ಸುರಿದು ಹೋಗುತ್ತದೆ. ಹಣ್ಣು ಕೀಳಲು ಮಾತ್ರ ಗೇಟು ತೆರೆಯಲೇಬೇಕು, ಎರಡು ಸಾವಿರ ಗೇಟು. ಒಂದು ಮನೆಯವರು ನಾಯಿ ಬಿಟ್ಟು ಕೂತರೂ ಆ ಒಂದು ಮರದಿಂದ ಬೀದಿಗೆಲ್ಲ ನೊಣ ಮತ್ತೆ ಹಬ್ಬಬಹುದು. 1981ರಲ್ಲಿ ಹಣ್ಣು ಕಿತ್ತರೂ ಸಾಲಲಿಲ್ಲ, 2024ರಲ್ಲಿ ಸಾಕಾಯಿತು. ಏಕೆಂದರೆ ಈ ಸಲ ಗಂಡುಗಳನ್ನು ಎಳೆದು ಕೊಲ್ಲುವ ವಾಸನೆ ಕೈಯಲ್ಲಿತ್ತು. ಮೆಡ್‌ಫ್ಲೈಗೆ ಇಷ್ಟು ಜೋರಾದ ವಾಸನೆ ಇಲ್ಲ. ಜಾಗವೂ ಚಿಕ್ಕದು. ಹಾಗಾಗಿ ಕೀಳುವುದೇ ಒಳ್ಳೆಯದು, ಹೊಡೆಯುವುದೇ ಕೆಟ್ಟದ್ದು ಎಂದು ನಾವು ಸುಲಭವಾಗಿ ತೀರ್ಪು ಕೊಡಲಾರೆವು.

ಮುದ್ದೆ, ಬಲೆ ಮುಂದುವರಿದವು. ಮೂರು ತಲೆಮಾರಿನಷ್ಟು ಕಾಲ ಒಂದೂ ನೊಣ ಸಿಗದಿದ್ದರೆ ಮಾತ್ರ ಹೋಯಿತು ಎಂದು ಒಪ್ಪುವುದು ಅಲ್ಲಿನ ಲೆಕ್ಕ. 2024ರ ಆಗಸ್ಟ್‌ನಲ್ಲಿ ರೆಡ್‌ಲ್ಯಾಂಡ್ಸ್ ಸೇರಿ ಇಡೀ ರಾಜ್ಯದಲ್ಲಿ ನಾಲ್ಕೂ ಜಾತಿಯ ನೊಣ ತೊಲಗಿವೆ ಎಂದು ರಾಜ್ಯ ಮತ್ತು ಕೇಂದ್ರ ಎರಡೂ ಪ್ರಕಟಿಸಿದವು.

ಎಲ್ಲರೂ ಇದನ್ನು ಒಪ್ಪಿಲ್ಲ. ಜೇಮ್ಸ್ ಕೇರಿ ಎಂಬ ಕೀಟಶಾಸ್ತ್ರಜ್ಞರು 1991ರಿಂದಲೂ ಬೇರೆ ಮಾತು ಹೇಳುತ್ತಿದ್ದಾರೆ. ನೊಣ ಪ್ರತಿ ಸಲ ಹೊಸದಾಗಿ ಬರುತ್ತಿಲ್ಲ, ಬಲೆಗೆ ಸಿಗದಷ್ಟು ಕಡಿಮೆ ಸಂಖ್ಯೆಯಲ್ಲಿ ಅಲ್ಲೇ ಉಳಿದುಕೊಂಡಿದೆ, ಒಳ್ಳೆಯ ವರ್ಷ ಬಂದಾಗ ಎದ್ದು ಕಾಣುತ್ತದೆ ಎಂಬುದು ಅವರ ವಾದ. ಸರ್ಕಾರ ಒಪ್ಪುವುದಿಲ್ಲ. ಒಪ್ಪಿದರೆ ನಾಳೆಯೇ ಹೊರದೇಶಗಳು ಹಣ್ಣು ಕೊಳ್ಳುವುದಿಲ್ಲ. ಯಾರು ಸರಿ ಎಂದು ತೀರ್ಮಾನಿಸುವ ಓದು ನಮಗಿಲ್ಲ, ಆದರೆ ಉತ್ತರದ ಮೇಲೆ ಇಷ್ಟು ದುಡ್ಡು ಕೂತಿರುವಾಗ ಪ್ರಶ್ನೆ ಕೇಳುವವರೊಬ್ಬರು ಇರುವುದು ಒಳ್ಳೆಯದೇ.

ಈ ನೊಣದ ಬಿಸಿ ನಮಗೂ ತಟ್ಟಿದೆ. 2014ರ ಮೇನಲ್ಲಿ ಯುರೋಪ್ ಒಕ್ಕೂಟ ಭಾರತದ ಮಾವನ್ನು ನಿಲ್ಲಿಸಿತು. ಹೋದ ಪೆಟ್ಟಿಗೆಗಳಲ್ಲಿ ಹಣ್ಣು ನೊಣ ಸಿಕ್ಕಿತ್ತು. ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸುವಂಥ ಕ್ರಮ ಬಂದ ಮೇಲೆ, 2015ರ ಆರಂಭದಲ್ಲಿ ಬಾಗಿಲು ತೆರೆಯಿತು. ಅಮೆರಿಕಕ್ಕೆ ಹೋಗುವ ಹಣ್ಣಿಗೆ ವಿಕಿರಣ ಹಾಯಿಸಲೇಬೇಕು. ನಮ್ಮ ಮಾಲೂರಿನಲ್ಲೇ ಅಂಥ ಘಟಕವಿದೆ. ಬಂಜೆ ನೊಣ ಮಾಡುವ ಅದೇ ವಿಕಿರಣದ ಶಕ್ತಿ ಇಲ್ಲಿ ಹಣ್ಣಿನೊಳಗಿನ ಹುಳು ಮುಂದಕ್ಕೆ ಬೆಳೆಯದಂತೆ ಮಾಡುತ್ತದೆ.

ಪೆಟ್ಟಿಗೆಯ ಹಣ್ಣಿಗೆ ಇಷ್ಟು ಕಾವಲು. ಸೂಟ್‌ಕೇಸಿನ ಹಣ್ಣಿಗೆ? ಈ ದಾಳಿಗೆ ಪ್ರಯಾಣಿಕರು ತಪಾಸಣೆ ಇಲ್ಲದೆ ತಂದ ಹಣ್ಣೇ ಕಾರಣವಿರಬೇಕು ಎನ್ನುತ್ತಾರೆ ಅಲ್ಲಿನ ಅಧಿಕಾರಿಗಳು. ಯಾವ ದೇಶದ ಹಣ್ಣು ಎಂದು ಅವರು ಹೇಳಿಲ್ಲ, ನಾವೂ ಹೇಳುವುದಿಲ್ಲ. ಆದರೆ ಮಗಳ ಬಾಣಂತನಕ್ಕೆ ಸ್ಯಾನ್ ಹೋಸೆಗೆ ಹೊರಟ ಅಮ್ಮಂದಿರನ್ನು ನಮ್ಮ ಊರುಗಳಲ್ಲೇ ನೋಡಿದ್ದೇವೆ. ಸೀರೆಯ ಮಡಿಕೆಯಲ್ಲಿ ನಾಲ್ಕು ರಸಪುರಿ ಸುತ್ತಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಪಿಸುಮಾತನ್ನೂ ಕೇಳಿದ್ದೇವೆ. ಚುಕ್ಕೆ ಕಾಣದ ಹಣ್ಣಿನೊಳಗೂ ಮೊಟ್ಟೆ ಇರಬಹುದು. ಮಗಳ ಮನೆಯ ಹಿತ್ತಲಿನಲ್ಲೂ ಒಂದು ನಿಂಬೆ ಮರ ಇದ್ದೀತು.

ಮೊನ್ನೆ ಆ ಯಜಮಾನರಿಗೆ ಫೋನ್ ಮಾಡಿ ಕಥೆ ಪೂರ್ತಿ ಮಾಡಿದೆವು. ಅಲ್ಲಿ ಹೋಯಿತಲ್ಲ, ನಮ್ಮಲ್ಲಿ ಏಕೆ ಹೋಗುವುದಿಲ್ಲ ಎಂದು ಕೇಳಿದರು. ಅದು ಇಲ್ಲಿಯದೇ ನೊಣ, ಕಾಡಿನ ಹಣ್ಣಿನಲ್ಲೂ ಇರುತ್ತದೆ, ಒಂದು ಊರು ಚೊಕ್ಕ ಮಾಡಿದರೆ ಪಕ್ಕದ ಊರಿನಿಂದ ಬರುತ್ತದೆ, ಇಲ್ಲಿ ತಗ್ಗಿಸಬಹುದು ಅಷ್ಟೇ ಎಂದೆವು. ಬಲೆ ಕಟ್ಟಿದ್ದೀರಾ ಎಂದರೆ, "ನಾನು ಕಟ್ಟಿದ್ದೀನಿ, ಪಕ್ಕದ ತೋಟದವನು ಕಟ್ಟಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿತ್ತ ಹಣ್ಣನ್ನು ಅವರು ಚೀಲ ಕಟ್ಟುತ್ತಾರೆ ಅಂದ್ರಲ್ಲ, ಎರಡೆರಡು ಚೀಲವಾ?" ಎಂದು ಕೇಳಿದರು. ಹೌದು ಎಂದೆವು. ಮಂಡಿಯ ಮೂಲೆಯಲ್ಲಿ ಅವರು ಹಣ್ಣು ಎಸೆದ ರಾಶಿ ನೆನಪಾಯಿತು. ಅವರಿಗೂ ನೆನಪಾಗಿರಬೇಕು. "ಈ ಸಲ ಮರದಡಿ ಬಿದ್ದಿದ್ದನ್ನು ಗುಂಡಿ ತೆಗೆದು ಮುಚ್ಚಿಸ್ತೀನಿ ಸಾರ್. ಆದರೆ ಕೂಲಿಯವರು ಸಿಗಬೇಕಲ್ಲ" ಎಂದರು.